ಬೆಲ್ಲೋ ಜಲಸಂಧಿ: ಹಿಮದ ನಾಡಿನ ಕಿರುದಾರಿ

ಕೆನಡಾದ ನಕ್ಷೆಯೊಂದನ್ನು ಬಿಡಿಸಿಕೊಳ್ಳಿ. ಉತ್ತರದಲ್ಲಿ ಚದುರಿಬಿದ್ದಂತಿರುವ ದ್ವೀಪಗಳ ನಡುವೆ, 72 ಡಿಗ್ರಿ ಅಕ್ಷಾಂಶದ ಬಳಿ, ಸಾಮರ್ಸೆಟ್ ದ್ವೀಪವನ್ನು ಹುಡುಕಿ. ಅದರ ಕೆಳಗೆ ಬೂತಿಯಾ ಪರ್ಯಾಯ ದ್ವೀಪವಿದೆ. ಇವೆರಡರ ನಡುವೆ ಕಂಡೂ ಕಾಣದಂತಿರುವ ಸಣ್ಣ ಗೆರೆಯೇ ಬೆಲ್ಲೋ ಜಲಸಂಧಿ. ಎರಡು ದೊಡ್ಡ ಜಲರಾಶಿಗಳನ್ನು ಕೂಡಿಸುವ ಕಿರಿದಾದ ನೀರಿನ ಹಾದಿಗೆ ಜಲಸಂಧಿ ಎನ್ನುತ್ತೇವೆ. ಇದರ ಉದ್ದ ಸುಮಾರು 25 ಕಿ.ಮೀ., ಅಗಲ ಹೆಚ್ಚುಕಡಿಮೆ 2 ಕಿ.ಮೀ. ಇದರ ದಕ್ಷಿಣ ದಡದಲ್ಲೇ ಅಮೆರಿಕ ಖಂಡದ ಮುಖ್ಯ ಭೂಭಾಗ ಉತ್ತರಕ್ಕೆ ಕೊನೆಗೊಳ್ಳುತ್ತದೆ. ದಾಟಿ ನಿಂತರೆ ಮುಂದಿರುವುದೆಲ್ಲ ದ್ವೀಪಗಳೇ.

1852ರಲ್ಲಿ ಶೋಧಕರ ಕಣ್ಣಿಗೆ ಬಿದ್ದ ಈ ಪುಟ್ಟ ದಾರಿಯನ್ನು ಹಡಗೊಂದು ದಾಟಿದ್ದು 1937ರಲ್ಲಿ. ಅಷ್ಟು ಕಾಲ ಏಕೆ ಹಿಡಿಯಿತು? ಉತ್ತರ ನೀರಿನ ಸೆಳೆತದಲ್ಲಿದೆ. ಅದನ್ನು ನಿಧಾನವಾಗಿ ನೋಡೋಣ. ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಕಡಲು ಏರುತ್ತದೆ, ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಈ ಜಲಸಂಧಿಯ ಪೂರ್ವ, ಪಶ್ಚಿಮ ಬಾಯಿಗಳಲ್ಲಿ ಉಬ್ಬರ ಒಂದೇ ಹೊತ್ತಿಗೆ ಬರುವುದಿಲ್ಲ. ಒಂದು ಕಡೆ ನೀರು ಎತ್ತರದಲ್ಲಿದ್ದಾಗ ಇನ್ನೊಂದು ಕಡೆ ತಗ್ಗಿರುತ್ತದೆ. ಎತ್ತರದ ನೀರು ತಗ್ಗಿನತ್ತ ನುಗ್ಗಲೇಬೇಕು. ನುಗ್ಗಲು ಇರುವುದು ಈ ಇಕ್ಕಟ್ಟಿನ ದಾರಿ. ಹಾಗಾಗಿ ಪ್ರವಾಹದ ವೇಗ 8 ನಾಟ್‌ವರೆಗೂ, ಅಂದರೆ ಗಂಟೆಗೆ ಸುಮಾರು 15 ಕಿ.ಮೀ.ವರೆಗೂ ಏರುತ್ತದೆ. ಉಬ್ಬರವಿಳಿತ ಬದಲಾದಂತೆ ಹರಿವಿನ ದಿಕ್ಕೂ ತಿರುಗುತ್ತದೆ. ಆ ಪ್ರವಾಹದಲ್ಲಿ ಭಾರೀ ಮಂಜುಗಡ್ಡೆಗಳೂ ತೇಲಿ ಬರುತ್ತವೆ. ಪೂರ್ವದ ಬಾಯಿಯ ಬಳಿ ಮ್ಯಾಗ್‌ಪೈ ಎಂಬ ಬಂಡೆ ನೀರಲ್ಲಿ ಅಡಗಿದೆ. ಸೆಳೆತ, ಮಂಜು, ಬಂಡೆ ಮೂರೂ ಒಂದೇ ಕಡೆ!

ಈಗ ಚರಿತ್ರೆಗೆ ಬರೋಣ. 1845ರಲ್ಲಿ ಜಾನ್ ಫ್ರಾಂಕ್ಲಿನ್ ಎರಡು ಹಡಗುಗಳೊಂದಿಗೆ ವಾಯವ್ಯ ಮಾರ್ಗವನ್ನು, ಅಂದರೆ ಅಮೆರಿಕದ ಉತ್ತರದಿಂದ ಪೆಸಿಫಿಕ್ ಸೇರುವ ಜಲಮಾರ್ಗವನ್ನು, ಹುಡುಕಿ ಹೊರಟು ಕಣ್ಮರೆಯಾದರು. ಅವರನ್ನು ಅರಸುತ್ತ ಬಂದ ವಿಲಿಯಂ ಕೆನೆಡಿ ಮತ್ತು ಫ್ರೆಂಚ್ ನೌಕಾಧಿಕಾರಿ ಜೋಸೆಫ್ ರೆನೆ ಬೆಲ್ಲೋ 1852ರಲ್ಲಿ ಈ ಜಲಸಂಧಿಯನ್ನು ಕಂಡರು. ಬಂದದ್ದು ಹಡಗಿನಲ್ಲಲ್ಲ, ಹೆಪ್ಪುಗಟ್ಟಿದ ಮಂಜಿನ ಮೇಲೆ, ಜಾರುಬಂಡಿಗಳನ್ನು ಕಟ್ಟಿಕೊಂಡು. ಪರದೇಶದ ನಾವಿಕರಿಗಾಗಿ ಸ್ವಯಂಪ್ರೇರಿತರಾಗಿ ಬಂದಿದ್ದ ಬೆಲ್ಲೋ ಅವರ ಬಗ್ಗೆ ನನಗೆ ಬಹಳ ಗೌರವ. ಮರುವರ್ಷ ಇನ್ನೊಂದು ಶೋಧಯಾತ್ರೆಯಲ್ಲಿ ಅವರು ಮಂಜಿನ ಬಿರುಕಿಗೆ ಸಿಕ್ಕಿ ತೀರಿಕೊಂಡರು. ಆಗ ವಯಸ್ಸು 27.

1858ರಲ್ಲಿ ಫ್ರಾಂಕ್ಲಿನ್ ತಂಡವನ್ನೇ ಅರಸುತ್ತ ಬಂದ ಲಿಯೋಪೋಲ್ಡ್ ಮೆಕ್ಲಿಂಟಾಕ್ 'ಫಾಕ್ಸ್' ಹಡಗನ್ನು ಮತ್ತೆ ಮತ್ತೆ ಜಲಸಂಧಿಯ ಒಳಕ್ಕೆ ನಡೆಸಿದರು. ಪಶ್ಚಿಮದ ಬಾಯಿಯನ್ನು ಮಂಜು ಮುಚ್ಚಿತ್ತು. ಅವರು ಹಿಂದಿರುಗಿ ಪೂರ್ವದ ಬಾಯಲ್ಲೇ ಚಳಿಗಾಲ ಕಳೆದು, ಮುಂದೆ ಜಾರುಬಂಡಿಗಳಲ್ಲಿ ಹೊರಟರು. ಫ್ರಾಂಕ್ಲಿನ್ ತಂಡದ ಗತಿಯನ್ನು ತಿಳಿಸುವ ಲಿಖಿತ ಟಿಪ್ಪಣಿ ಸಿಕ್ಕಿದ್ದು 1859ರ ಆ ಯಾತ್ರೆಯಲ್ಲಿ.

ಹಡಗು ದಾಟಿದ್ದು 1937ರಲ್ಲಿ. ಹಡ್ಸನ್ಸ್ ಬೇ ಕಂಪನಿಯ ಪುಟ್ಟ ಹಡಗು 'ಅಕ್ಲಾವಿಕ್' ಪಶ್ಚಿಮದಿಂದ ಪೂರ್ವಕ್ಕೆ ಹಾದುಬಂತು. ಅದೇ ವರ್ಷ ಕಂಪನಿ ಪೂರ್ವದ ಬಾಯಲ್ಲಿ ಫೋರ್ಟ್ ರಾಸ್ ಎಂಬ ವ್ಯಾಪಾರ ಠಾಣೆಯನ್ನು ತೆರೆಯಿತು. ಸರಕು ಹಡಗು ಅಲ್ಲಿಗೆ ತಲುಪುವುದನ್ನು ಮಂಜು ಮತ್ತೆ ಮತ್ತೆ ತಡೆದದ್ದರಿಂದ 1948ರಲ್ಲಿ ಠಾಣೆಯನ್ನು ಮುಚ್ಚಬೇಕಾಯಿತು.