ಮೊದಲು ಮೂಲಪಾಠ, ಆಮೇಲೆ ವ್ಯಾಖ್ಯಾನ

ಪ್ರಶ್ನೆ: ಬೈಬಲನ್ನು ಕ್ರಮವಾಗಿ ಓದಬೇಕೆಂದಿದ್ದೇನೆ. ಅಂಗಡಿಯಲ್ಲಿ ವ್ಯಾಖ್ಯಾನಗಳ ರಾಶಿ ಕಂಡು ದಿಕ್ಕೇ ತೋಚಲಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವ ವ್ಯಾಖ್ಯಾನವೂ ಬೇಡ. ಎರಡು ಅನುವಾದ ಇಟ್ಟುಕೊಳ್ಳಿ: ಸಭೆಗಳಲ್ಲಿ ರೂಢಿಯಲ್ಲಿರುವ ‘ಸತ್ಯವೇದವು’ ಒಂದು, ಆಡುಮಾತಿಗೆ ಹತ್ತಿರವಾದ ಹೊಸದೊಂದು. ಒಂದರಲ್ಲಿ ತೊಡಕೆನಿಸಿದ ವಾಕ್ಯ ಇನ್ನೊಂದರಲ್ಲಿ ತಿಳಿಯಾಗುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯಗಳ ಅದು ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು.

ಆಮೇಲೆ, ಸಂಬಂಧಪಟ್ಟ ವಚನಗಳನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವ ಪ್ರತಿ ಕೊಳ್ಳಿ. ಅದರಿಂದ ಏನು ಲಾಭ? ತಪ್ಪಿಹೋದ ಕುರಿಯ ಸಾಮ್ಯ ಲೂಕ 15ರಲ್ಲೂ ಇದೆ, ಮತ್ತಾಯ 18ರಲ್ಲೂ ಇದೆ. ಲೂಕನಲ್ಲಿ ಅದು, ಯೇಸು ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನೆಂದು ಗೊಣಗಿದ ಫರಿಸಾಯರೆಂಬ ಯೆಹೂದಿ ಪಂಗಡದವರಿಗೆ ಕೊಟ್ಟ ಉತ್ತರ. ಮತ್ತಾಯನಲ್ಲಿ, ಚಿಕ್ಕವರನ್ನು ಕಡೆಗಣಿಸಬೇಡಿರೆಂದು ಶಿಷ್ಯರಿಗೆ ಹೇಳಿದ ಬುದ್ಧಿಮಾತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೇ ಈ ವ್ಯತ್ಯಾಸ ಕಾಣುವುದು.

ವ್ಯಾಖ್ಯಾನ ಕೊಳ್ಳುವ ಹೊತ್ತಿಗೆ, ಬರೆದವರು ಯಾವ ಪರಂಪರೆಯವರು, ಯಾವ ಕಾಲದವರು ಎಂದು ನೋಡಿ. ಮ್ಯಾಥ್ಯೂ ಹೆನ್ರಿಯ 18ನೇ ಶತಮಾನದ ವ್ಯಾಖ್ಯಾನ ಧ್ಯಾನಕ್ಕೆ ಇಂದಿಗೂ ಒದಗುತ್ತದೆ. ಆದರೆ 1947ರಿಂದ ಸಿಗತೊಡಗಿದ, ಮೃತ ಸಮುದ್ರದ ಸುರುಳಿಗಳೆಂಬ ಪ್ರಾಚೀನ ಹಸ್ತಪ್ರತಿಗಳ ವಿಚಾರ ಅದರಲ್ಲಿ ಇರಲು ಸಾಧ್ಯವಿಲ್ಲ. ಭಿನ್ನಾಭಿಪ್ರಾಯವಿರುವ ಕಡೆ ಎರಡೂ ಪಕ್ಷದ ವಾದವನ್ನು ಮುಂದಿಡುವ ಪುಸ್ತಕಕ್ಕೇ ದುಡ್ಡು ಕೊಡಿ.