ಭೂಕಂಪದ ದಾಖಲೆಯೂ ಅದರ ವಿವರವೂ

ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಮೊದಲು ಪ್ರತಿಯ ವಿವರವನ್ನು ಬರೆದುಕೊಳ್ಳುತ್ತಾನೆ: ಲಿಪಿಕಾರನಾರು, ಕಾಲವಾವುದು, ಯಾವ ಪ್ರತಿಯನ್ನು ನೋಡಿ ನಕಲು ಮಾಡಿದನು, ಯಾವ ಗರಿಗಳು ಲುಪ್ತವಾಗಿವೆ. ಪೂರ್ವಕಾಲದ ಭೂಕಂಪಗಳ ದಾಖಲೆಗಳನ್ನು ಸಂಗ್ರಹಿಸುವವರಿಗೂ ಇದೇ ಕ್ರಮ ಅತ್ಯಾವಶ್ಯಕ. ದಾಖಲೆಯನ್ನು ಕುರಿತ ಇಂಥ ವಿವರವನ್ನು ವಿಜ್ಞಾನಿಗಳು ‘ಮೆಟಾಡೇಟಾ’ ಎನ್ನುತ್ತಾರೆ. ಅದು ಏಕರೂಪವಾಗಿರದಿದ್ದರೆ ಆಗುವ ಅನರ್ಥಕ್ಕೆ ನಿದರ್ಶನಗಳುಂಟು.

ಕ್ರಿ.ಶ. 1737ರಲ್ಲಿ ಕಲ್ಕತ್ತೆಯಲ್ಲಿ ಭೂಕಂಪವಾಗಿ ಮೂರು ಲಕ್ಷ ಜನ ಮಡಿದರೆಂದು ಮಹಾಭೂಕಂಪಗಳ ಪಟ್ಟಿಗಳಲ್ಲಿ ಬಹುಕಾಲ ಅಚ್ಚಾಗುತ್ತ ಬಂದಿತು. ಅಂದಿನ ಕಲ್ಕತ್ತೆಯಲ್ಲಿ ಅಷ್ಟು ಜನವೇ ಇರಲಿಲ್ಲ! ರೋಜರ್ ಬಿಲ್ಹಾಮ್ ಎಂಬ ಭೂವಿಜ್ಞಾನಿ 1994ರಲ್ಲಿ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿ, ಆ ದುರಂತಕ್ಕೆ ಚಂಡಮಾರುತವೇ ಕಾರಣವಾಗಿರಬೇಕೆಂದು ಪ್ರತಿಪಾದಿಸಿದರು. ದಿನಾಂಕವೂ ಗೊಂದಲದ್ದೇ. ಆಂಗ್ಲರ ಹಳೆಯ ಪಂಚಾಂಗದ ಸೆಪ್ಟೆಂಬರ್ 30, ಹೊಸದರಲ್ಲಿ ಅಕ್ಟೋಬರ್ 11 ಆಗುತ್ತದೆ. ಒಬ್ಬ ಲಿಪಿಕಾರನ ಸ್ಖಾಲಿತ್ಯವನ್ನು ಮುಂದಿನವರೆಲ್ಲ ಭಕ್ತಿಯಿಂದ ನಕಲು ಮಾಡುವುದನ್ನು ನಾವು ಗ್ರಂಥಗಳಲ್ಲಿಯೂ ಕಂಡಿದ್ದೇವೆ.

ಇದು ದೂರದ ಮಾತಲ್ಲ. ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಅದು 29ನೆಯ ತಾರೀಖು. ಕೊಯ್ನಾ ಭೂಕಂಪ ನಮಗೆ 1967ರ ಡಿಸೆಂಬರ್ 11, ಅಲ್ಲಿ 10. ಗ್ರೀನ್‌ವಿಚ್ ಕಾಲವು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವುದೇ ಇದಕ್ಕೆ ಕಾರಣ. ಯಾವ ಕಾಲಮಾನವೆಂದು ಹೇಳದಿದ್ದರೆ ಒಂದೇ ಕಂಪನ ಎರಡಾಗಿ ಎಣಿಕೆಗೆ ಬರುವುದು. ಅಣೆಕಟ್ಟು, ಶಾಲೆಗಳನ್ನು ಎಷ್ಟು ಬಲವಾಗಿ ಕಟ್ಟಬೇಕೆಂಬ ನಿರ್ಧಾರಕ್ಕೆ ಇಂಥ ಎಣಿಕೆಯೂ ಒಂದು ಆಧಾರವೆಂಬುದನ್ನು ಮರೆಯಲಾಗದು.

ನಮ್ಮ ಶಾಸನಕಾರರು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಒಟ್ಟಿಗೆ ಕೊರೆಸುತ್ತಿದ್ದರು. ಒಂದು ತಪ್ಪಿದರೆ ಉಳಿದವು ಅದನ್ನು ತೋರಿಸಿಕೊಡುತ್ತವೆ. ಭೂಕಂಪದ ದಾಖಲೆಯಲ್ಲಿಯೂ ಮೂಲದಲ್ಲಿದ್ದ ದಿನಾಂಕ, ಪರಿವರ್ತಿಸಿದ ದಿನಾಂಕ ಎರಡನ್ನೂ ಉಳಿಸಬೇಕು. ಪರಿಮಾಣವು ಭೂಗರ್ಭದಲ್ಲಿ ಬಿಡುಗಡೆಯಾದ ಶಕ್ತಿಯ ಅಳತೆ. ತೀವ್ರತೆಯು ಒಂದೊಂದು ಊರಿನಲ್ಲಿ ಕಂಡ ಪರಿಣಾಮ. ಇವೆರಡನ್ನು ಬೆರೆಸಬಾರದು. ಉಪಕರಣಗಳಿಲ್ಲದ ಕಾಲದ ಕಂಪನಕ್ಕೆ ಪರಿಮಾಣವನ್ನು ಕೊಟ್ಟಿದ್ದರೆ ಅದು ಅನುಮಾನದಿಂದ ಬಂದುದೆಂದು ಸ್ಪಷ್ಟವಾಗಿ ಬರೆಯಬೇಕು.

ಕಿಲ್ಲಾರಿಯ ಆ ನಸುಕನ್ನು ನೆನಪಿಟ್ಟುಕೊಂಡಿರುವ ಹಿರಿಯರು ಬೀದರ, ಕಲಬುರಗಿ ಸೀಮೆಯಲ್ಲಿ ಇನ್ನೂ ಇದ್ದಾರೆ. ನಮ್ಮ ವಿದ್ಯಾರ್ಥಿಗಳು ಅವರ ಮಾತುಗಳನ್ನು ಬರೆದುಕೊಳ್ಳಬಹುದು. ಆಗ ಊರು ಯಾವುದು, ಮನೆ ಮಣ್ಣಿನದೋ ಕಲ್ಲಿನದೋ, ಅವರು ಎಚ್ಚರವಾಗಿದ್ದರೋ, ಹೇಳಿದ್ದು ಕಂಡದ್ದೋ ಕೇಳಿದ್ದೋ ಎಂಬುದನ್ನು ಅವರ ಮಾತಿನಲ್ಲಿಯೇ ದಾಖಲಿಸಿ, ಬರೆದುಕೊಂಡ ದಿನಾಂಕವನ್ನೂ ಕೆಳಗೆ ನಮೂದಿಸತಕ್ಕದ್ದು.