ಬಿದ್ದ ದಿನವೇ ಬರೆಸು

ಮಗಾ, ರಜೆ ಮುಗಿಸಿ ಯೂನಿಟ್ಟಿಗೆ ಹೊರಡುವ ಮುಂಚೆ ಈ ಮಾತು ಕೇಳಿಕೊಂಡು ಹೋಗು. ಮೆಟ್ಟಿಲು ಹತ್ತುವಾಗ ನನ್ನ ಎಡ ಮಂಡಿ ಕಟಕಟ ಅನ್ನುತ್ತದೆಂದು ನಕ್ಕೆಯಲ್ಲ, ಆ ಮಂಡಿಯದೇ ಕಥೆ.

1991ರ ಚಳಿಗಾಲ. ಪೋಸ್ಟಿಗೆ ಸೀಮೆಎಣ್ಣೆಯ ಜೆರಿಕ್ಯಾನ್ ಹೊತ್ತು ಇಳಿಯುವಾಗ ಗಟ್ಟಿಹಿಮದ ಮೇಲೆ ಕಾಲು ಜಾರಿತು. ಯೂನಿಟ್ಟಿನ ದವಾಖಾನೆಯಾದ ಎಂ.ಐ. ರೂಮಿನಲ್ಲಿ ನೋವಿನ ಮಾತ್ರೆ ಕೊಟ್ಟು ಮೂರು ದಿನ ಲೈಟ್ ಡ್ಯೂಟಿ ಬರೆದರು. ನಾಲ್ಕನೇ ದಿನ ಕುಂಟುತ್ತಲೇ ಪಿ.ಟಿ.ಗೆ ಹೋದೆ. ಆಗಿನ ಹಮ್ಮು! ಇಂಜುರಿ ರಿಪೋರ್ಟ್ ಮಾಡಿಸಬೇಕೆಂದು ಹೊಳೆಯಲೂ ಇಲ್ಲ. ಹದಿನಾಲ್ಕು ವರ್ಷದ ಮೇಲೆ, ನಿವೃತ್ತಿಯ ಮೆಡಿಕಲ್ ಬೋರ್ಡಿನ ಮುಂದೆ ನಿಂತಾಗ ಡಾಕ್ಟರು ಕೇಳಿದ್ದು ಒಂದೇ: "ಡ್ಯೂಟಿಯಲ್ಲಿ ಬಿದ್ದದ್ದಕ್ಕೆ ಕಾಗದ ಎಲ್ಲಿ?" ಮಂಡಿ ಸವೆದದ್ದು ಅವರಿಗೂ ಕಂಡಿತು, ಶೇಕಡಾ 20 ಎಂದು ಬರೆದರು. ಪಕ್ಕದ ಕಾಲಂನಲ್ಲಿ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಬರೆದರು. ನಾನು ಓದದೆ ಸಹಿ ಹಾಕಿದೆ.

ಅಂಗವಿಕಲ ಪಿಂಚಣಿಯ ಕಡತ ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿಯಲ್ಲಿ ಕೊಳೆಯುತ್ತದೆ ಎಂದು ನಾವು ಮಾಜಿ ಸೈನಿಕರು ಟೀ ಅಂಗಡಿಯಲ್ಲಿ ಕೂತು ಬೈಯುತ್ತೇವೆ. ಬೈಗುಳ ಪೂರ್ತಿ ಸುಳ್ಳೂ ಅಲ್ಲ. ಆದರೆ ನಾನು ಕಂಡ ಮಟ್ಟಿಗೆ, ತಡ ಹುಟ್ಟುವುದು ಯೂನಿಟ್ಟಿನಲ್ಲಿ, ಗಾಯವಾದ ದಿನವೇ. ಪೂರ್ತಿ ಅವಧಿ ಮುಗಿಸಿ ಬರುವವನಿಗೆ ಆ ಪಿಂಚಣಿ ಸಿಗಲು ಬೋರ್ಡಿನ ಹಾಳೆಯಲ್ಲಿ ಎರಡು ಸಂಗತಿ ಇರಬೇಕು: ಅಂಗವೈಕಲ್ಯ ಶೇಕಡಾ 20ಕ್ಕೆ ಕಡಿಮೆಯಿರಬಾರದು, ಅದು ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು ಎಂದಿರಬೇಕು. ಎರಡನೆಯದು ತಪ್ಪಿದರೆ ಮೊದಲನೆಯದು ಎಷ್ಟಿದ್ದರೂ ಒಂದೇ.

ಸಿಪಾಯಿ ಧರಂವೀರ್ ಸಿಂಗ್ ಎಂಬವನ ಪ್ರಕರಣ ಗೊತ್ತಿರಲಿ. 1985ರಲ್ಲಿ ಭರ್ತಿಯಾದ. ಮೂರ್ಛೆರೋಗ ಬಂತೆಂದು 1994ರಲ್ಲಿ ಮನೆಗೆ ಕಳಿಸಿದರು, ಅಂಗವಿಕಲ ಪಿಂಚಣಿ ಕೊಡಲಿಲ್ಲ. ಭರ್ತಿಯಾಗುವಾಗ ಈ ರೋಗವಿತ್ತೆಂದು ಯಾರೂ ಬರೆದಿರಲಿಲ್ಲ, ಸೇವೆಗೆ ಸಂಬಂಧವಿಲ್ಲ ಎನ್ನಲು ಬೋರ್ಡು ಕಾರಣವನ್ನೂ ಕೊಟ್ಟಿರಲಿಲ್ಲ, ಆದ್ದರಿಂದ ಪಿಂಚಣಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಜುಲೈನಲ್ಲಿ. ಹತ್ತೊಂಬತ್ತು ವರ್ಷ! ಆ ತೀರ್ಪನ್ನೇ ನಂಬಿಕೊಂಡು ನೀನು ಕೂರಬೇಡ. 2023ರ ಸೆಪ್ಟೆಂಬರ್ 21ರ ನಂತರ ಹೊರಬರುವವರಿಗೆ ಹೊಸ ನಿಯಮಗಳಿವೆ, ಹಳೆಯವರಿಗಿದ್ದಷ್ಟು ಸಡಿಲ ಅವುಗಳಲ್ಲಿಲ್ಲ. ನಿನ್ನ ಕಾಲಕ್ಕೆ ಕಾಗದದ ಬೆಲೆ ಇನ್ನೂ ಹೆಚ್ಚು.

ಕಾಗದಗಳಲ್ಲಿರುವ ಹೆಸರಿನ ವಿಷಯ ಸಣ್ಣದೆನಿಸಬಹುದು. ನಮ್ಮ ಕಡೆಯವರ ಇನಿಷಿಯಲ್ಲುಗಳು ಉತ್ತರದ ಕ್ಲಾರ್ಕುಗಳಿಗೆ ದೊಡ್ಡ ಒಗಟು. ಸೇವಾ ದಾಖಲೆಯಲ್ಲೊಂದು, ಆಧಾರ್‌ನಲ್ಲೊಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಪಿಂಚಣಿ ಕೊಡುವ ಈಗಿನ ಸ್ಪರ್ಶ್ ವ್ಯವಸ್ಥೆ ಕಣ್ಣುಮುಚ್ಚಿ ತಡೆಯುತ್ತದೆ. ಸರ್ವಿಸ್ಸಿನಲ್ಲಿರುವಾಗಲೇ ಸರಿಮಾಡಿಸು. ಹೆಂಡತಿಯ ಹೆಸರನ್ನೂ ನೋಡು.

ತಿರಸ್ಕಾರದ ಪತ್ರ ಬಂದರೆ ಮುಖ ಊದಿಸಿಕೊಂಡು ಕೂರಬೇಡ, ಮೇಲ್ಮನವಿಗೆ ಆರೇ ತಿಂಗಳು. ನನ್ನ ಪತ್ರ ಟ್ರಂಕಿನಲ್ಲಿ ಎಂಟು ತಿಂಗಳು ಮಲಗಿತ್ತು, ನನಗೆ ಆ ದುಡ್ಡು ಇವತ್ತಿಗೂ ಬಂದಿಲ್ಲ. ಅಲ್ಲಿಯೂ ಆಗದಿದ್ದರೆ ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ. "ನೂರಕ್ಕೆ ಇಷ್ಟು ಕೊಡಿ, ಬೇಗ ಮಾಡಿಸುತ್ತೇನೆ" ಅನ್ನುವವನನ್ನು ಜಗಲಿಗೂ ಹತ್ತಿಸಬೇಡ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿಗೆ ನೆರವಾಗುತ್ತಾರೆ, ಕಾಸು ಕೇಳುವುದಿಲ್ಲ.

ಎಂ.ಐ. ರೂಮಿನ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಮೆಡಿಕಲ್ ಕ್ಯಾಟಗರಿ ಇಳಿಸಿದ ಹಾಳೆ, ಎಲ್ಲದರ ಫೋಟೋ ತೆಗೆದು ಅಮ್ಮನ ಫೋನಿಗೂ ಕಳಿಸು. ಮೊನ್ನೆ ಅಡಿಕೆ ಮೂಟೆ ಎತ್ತುವಾಗ ನೀನು ಭುಜ ಹಿಡಿದುಕೊಂಡೆ, ನಾನು ನೋಡಿದೆ. ಫೈರಿಂಗ್ ರೇಂಜಿನಲ್ಲಿ ಆದ ನೋವು ಅಂದೆಯಲ್ಲ? ಹಾಜರಾದ ಮರುದಿನವೇ ಹೋಗಿ ಬರೆಸು.